ನೆಲೆ ತಪ್ಪಿದವರ ಮಕ್ಕಳು ಮತ್ತು ಅಕ್ಷರ ದಾಸೋಹ

ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆಯನ್ನು ಅನುಭವಮಂಟಪದ ವೈಭವದೊಂದಿಗೆ ಮುಗಿಸುವ ರೂಢಿಯು ಉಪನ್ಯಾಸ ವೇದಿಕೆಗಳಲ್ಲಿ ಬೆಳೆದುಬಂದಿದೆ. ಆದರೆ ಆ ಕಥೆಗೆ ಇನ್ನೂ ಒಂದು ಅಧ್ಯಾಯವುಂಟು. ಹರಳಯ್ಯ ಮಧುವರಸರ ಮನೆತನಗಳ ನಡುವೆ ನಡೆದ ವಿವಾಹದ ತರುವಾಯ ಕಲ್ಯಾಣವು ಕದಡಿಹೋಯಿತು, ಬಿಜ್ಜಳನ ಅಂತ್ಯವಾಯಿತು, ಶರಣರು ಉಟ್ಟ ಬಟ್ಟೆಯಲ್ಲಿಯೇ ದಿಕ್ಕುದಿಕ್ಕಿಗೆ ಚದುರಿದರು. ಚನ್ನಬಸವಣ್ಣ, ಅಕ್ಕ ನಾಗಮ್ಮ ಮೊದಲಾದವರ ತಂಡವೊಂದು ಪಶ್ಚಿಮದ ಕಾಡುಗಳತ್ತ ಸಾಗಿ ಉಳವಿಯನ್ನು ಸೇರಿತು. ಬೆನ್ನಟ್ಟಿ ಬಂದ ಸೈನಿಕರನ್ನು ಮಡಿವಾಳ ಮಾಚಿದೇವನು ತಡೆದು ನಿಲ್ಲಿಸಿದನೆಂದು ಐತಿಹ್ಯವು ಹೇಳುತ್ತದೆ. ಅವರ ಬಳಿ ಇದ್ದ ಸಂಪತ್ತೆಂದರೆ ವಚನಗಳ ತಾಳೆಗರಿಯ ಕಟ್ಟುಗಳು ಮಾತ್ರ.

ಕಲ್ಯಾಣದಿಂದ ಉಳವಿಯವರೆಗಿನ ಆ ದೀರ್ಘವಾದ ಹಾದಿಯಲ್ಲಿ ಎಷ್ಟು ಊರುಗಳು ಅವರಿಗೆ ಒಂದು ಹೊತ್ತಿನ ಅಂಬಲಿಯನ್ನು ಕೊಟ್ಟವೋ, ಎಷ್ಟು ಮನೆಗಳು ಒಂದು ರಾತ್ರಿಯ ಮಟ್ಟಿಗೆ ಹಟ್ಟಿಯ ಮೂಲೆಯನ್ನು ತೆರವು ಮಾಡಿಕೊಟ್ಟವೋ, ಯಾವ ಶಾಸನವೂ ಬರೆದಿಟ್ಟಿಲ್ಲ. ಹೆಸರಿಲ್ಲದ ಆ ಮನೆಗಳವರು ರಾಜಭಯದಿಂದ ಬಾಗಿಲನ್ನು ಹಾಕಿಕೊಂಡಿದ್ದರೆ, ಹದಿನೈದನೆಯ ಶತಮಾನದ ವಿರಕ್ತರಿಗೆ ಶೂನ್ಯಸಂಪಾದನೆಯನ್ನು ಕಟ್ಟಲು ವಚನಗಳೇ ದೊರೆಯುತ್ತಿರಲಿಲ್ಲ, ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚುಹಾಕಿಸಲು ಕೈಗೆ ಒಂದು ಗರಿಯೂ ಸಿಗುತ್ತಿರಲಿಲ್ಲ. ಶರಣಪರಂಪರೆಯ ಹೆಸರಿನಲ್ಲಿ ನಡೆಯುವ ಪ್ರತಿಯೊಂದು ವಿದ್ಯಾಸಂಸ್ಥೆಯೂ, ನೆಲೆ ತಪ್ಪಿ ಬಂದವರಿಗೆ ಬಾಗಿಲು ತೆರೆದ ಆ ಅನಾಮಧೇಯರಿಗೆ ಋಣಿಯಾಗಿದೆ. ಈ ಋಣದ ನೆನಪು ಸಭೆಗಳ ಪುಷ್ಪಾರ್ಚನೆಯಲ್ಲಿ ತೀರುವಂಥದಲ್ಲ. ನೆಲೆ ತಪ್ಪಿದವರು ಮತ್ತೆ ಕಣ್ಣೆದುರು ಬಂದು ನಿಂತಾಗ ಅದು ಪರೀಕ್ಷೆಗೆ ಒಳಗಾಗುತ್ತದೆ.

ಇಂದು ಅಂಥ ಜನರು ಬೆಂಗಳೂರಿನಲ್ಲಿಯೇ ಇದ್ದಾರೆ. ನಗರದ ಪೂರ್ವಭಾಗವೆಂಬುದು ಬಂದು ನೆಲೆಸಿದವರಿಂದಲೇ ಬೆಳೆದ ಪ್ರದೇಶ. 1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಬಳಿ ಬೀಡುಬಿಟ್ಟ ಮೇಲೆ ಅದರ ಬೆನ್ನಿಗೆ ತಮಿಳು ನಾಡಿನ ಕೂಲಿಕಾರರೂ ವ್ಯಾಪಾರಿಗಳೂ, ದಖನಿ ಮಾತನಾಡುವ ಕಸುಬುದಾರರೂ ಬಂದರು. ಅಂದು ಬ್ಲ್ಯಾಕ್‌ಪಳ್ಳಿ ಎನಿಸಿಕೊಂಡಿದ್ದ ಶಿವಾಜಿನಗರದ ಓಣಿಗಳು ಅವರಿಂದ ತುಂಬಿದವು. ದಂಡು ಪ್ರದೇಶವು 1949ರಲ್ಲಿ ಬೆಂಗಳೂರು ನಗರಪಾಲಿಕೆಯೊಡನೆ ಒಂದಾಯಿತು. ಇಂದಿರಾನಗರ ಬಡಾವಣೆಯಾಯಿತು, ಕೃಷ್ಣರಾಜಪುರದ ಆಚೆಯ ಹೊಲಗಳಲ್ಲಿ ಕಾರ್ಖಾನೆಗಳೂ ಅನಂತರ ಗಾಜಿನ ಗೋಪುರಗಳೂ ಎದ್ದವು. ಪೂರ್ವ ಭಾರತದಿಂದ ಹೊರಟ ಹಲವು ರೈಲುಗಳು ಕೃಷ್ಣರಾಜಪುರದ ನಿಲ್ದಾಣವನ್ನು ಹಾದೇ ನಗರವನ್ನು ಪ್ರವೇಶಿಸುತ್ತವೆ. ಅಸ್ಸಾಮು, ಬಂಗಾಳ, ಬಿಹಾರಗಳ ದುಡಿಮೆಗಾರರು ಆ ಮಾರ್ಗದಲ್ಲಿ ಬಂದು ಗಾರೆಕೆಲಸ, ಕಾವಲು, ಕಸಗುಡಿಸುವಿಕೆಗಳಲ್ಲಿ ತೊಡಗಿದ್ದಾರೆ. ಈ ಪ್ರವಾಹದ ಅಂಚಿನಲ್ಲಿ ಒಂದು ಸಣ್ಣ ಗುಂಪು ಇದೆ. ಸ್ವದೇಶವೆಂದು ಹೇಳಿಕೊಳ್ಳಲು ಯಾವ ದೇಶವೂ ಇಲ್ಲದ ಆ ಗುಂಪು ರೋಹಿಂಗ್ಯಾ ಕುಟುಂಬಗಳದು.

ಹಿರಿಯರು ಬ್ರಹ್ಮದೇಶವೆಂದು ಕರೆಯುತ್ತಿದ್ದ ಇಂದಿನ ಮ್ಯಾನ್ಮಾರಿನ ಪಶ್ಚಿಮ ಕರಾವಳಿಯೇ ಅರಾಕಾನ್, ಈಗಿನ ಹೆಸರಿನಲ್ಲಿ ರಖೈನ್. ಚಿತ್ತಗಾಂಗಿನ ನುಡಿಗೆ ಹತ್ತಿರದ ಭಾಷೆಯನ್ನಾಡುವ ಈ ಮುಸಲ್ಮಾನ ಜನರು ಅಲ್ಲಿ ತಲೆಮಾರುಗಳಿಂದ ಬತ್ತ ಬೆಳೆದು, ಮೀನು ಹಿಡಿದು ಬಾಳಿದವರು. 1978ರಲ್ಲಿ ಅಲ್ಲಿಯ ಸೈನಿಕ ಸರ್ಕಾರವು ನಡೆಸಿದ ತನಿಖಾ ಕಾರ್ಯಾಚರಣೆಗೆ ಹೆದರಿ ಎರಡು ಲಕ್ಷಕ್ಕೂ ಮಿಕ್ಕ ಜನರು ಬಾಂಗ್ಲಾದೇಶಕ್ಕೆ ಓಡಿದರು. 1982ರ ಪೌರತ್ವ ಕಾನೂನು ಅವರನ್ನು ದೇಶದ ಮೂಲ ಜನಾಂಗಗಳ ಪಟ್ಟಿಯಿಂದ ಹೊರಗಿಟ್ಟಿತು. ಹುಟ್ಟಿದ ನೆಲದಲ್ಲಿಯೇ ಅವರು ಪರಕೀಯರಾದರು. 1991–92ರಲ್ಲಿ ಸುಮಾರು ಎರಡೂವರೆ ಲಕ್ಷ ಜನರು ಮತ್ತೆ ಗಡಿ ದಾಟಿದರು. 2012ರಲ್ಲಿ ಗಲಭೆಗಳಾಗಿ ಊರುಗಳು ಬೆಂದವು. 2017ರ ಆಗಸ್ಟ್ 25ರಂದು ಸಶಸ್ತ್ರ ಗುಂಪೊಂದು ಪೊಲೀಸ್ ಠಾಣ್ಯಗಳ ಮೇಲೆ ದಾಳಿಮಾಡಿದ ನೆಪದಲ್ಲಿ ಸೈನ್ಯವು ನಡೆಸಿದ ಕಾರ್ಯಾಚರಣೆಯಿಂದ ಏಳು ಲಕ್ಷಕ್ಕೂ ಹೆಚ್ಚು ಜನರು ಕೆಲವೇ ತಿಂಗಳುಗಳಲ್ಲಿ ನಾಫ್ ನದಿಯನ್ನು ದಾಟಿದರು. ಬಾಂಗ್ಲಾದೇಶದ ಕಾಕ್ಸ್ ಬಜಾರಿನ ಶಿಬಿರಗಳಲ್ಲಿ ಈಗ ಹತ್ತು ಲಕ್ಷಕ್ಕೂ ಮೀರಿದ ಜನರು ಬಿದಿರು ಮತ್ತು ಟಾರ್ಪಾಲುಗಳ ನಡುವೆ ವಾಸಿಸುತ್ತಿದ್ದಾರೆ. ಗಾಂಬಿಯಾ ದೇಶವು 2019ರಲ್ಲಿ ಹೂಡಿದ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು 2020ರ ಜನವರಿಯಲ್ಲಿ, ಈ ಜನರನ್ನು ರಕ್ಷಿಸುವಂತೆ ಮ್ಯಾನ್ಮಾರಿಗೆ ಮಧ್ಯಂತರ ಆದೇಶವನ್ನು ನೀಡಿತು.

ಅವರಲ್ಲಿ ಒಂದು ಚಿಕ್ಕ ಭಾಗವು ಭಾರತಕ್ಕೆ ಬಂದು ಜಮ್ಮು, ದೆಹಲಿ, ಹರಿಯಾಣದ ನೂಹ್, ಹೈದರಾಬಾದುಗಳಲ್ಲಿ ನಿಂತಿತು. ಭಾರತ ಸರ್ಕಾರವು 2017ರಲ್ಲಿ ಅವರ ಸಂಖ್ಯೆಯನ್ನು ಸುಮಾರು 40,000 ಎಂದು ಅಂದಾಜು ಮಾಡಿತ್ತು. ಬೆಂಗಳೂರಿಗೆ ಬಂದವರು ಅತ್ಯಲ್ಪ. 2021ರಲ್ಲಿ ಕರ್ನಾಟಕ ಸರ್ಕಾರವು ಸರ್ವೋಚ್ಚ ನ್ಯಾಯಾಲಯಕ್ಕೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಬೆಂಗಳೂರು ನಗರದಲ್ಲಿ ಗುರುತಿಸಲಾದ ರೋಹಿಂಗ್ಯಾ ಜನರು 72 ಮಂದಿ ಎಂದೂ ಅವರು ವಿವಿಧ ಕೆಲಸಗಳಲ್ಲಿ ತೊಡಗಿದ್ದಾರೆಂದೂ ತಿಳಿಸಿತು. ಅವರನ್ನು ಕೂಡಲೇ ಹೊರಕಳುಹಿಸುವ ಯೋಜನೆಯಿಲ್ಲವೆಂದು ಮೊದಲು ಹೇಳಿ, ಅನಂತರ ನ್ಯಾಯಾಲಯದ ಆದೇಶವನ್ನು ಅಕ್ಷರಶಃ ಪಾಲಿಸುವುದಾಗಿ ಆ ಹೇಳಿಕೆಯನ್ನು ತಿದ್ದಿತು. ಒಂದು ಕೋಟಿಯನ್ನು ಮೀರಿದ ಜನಸಂಖ್ಯೆಯ ನಗರಕ್ಕೆ ಇದು ಒಂದು ವಠಾರದಷ್ಟು ಜನ. ಗುರುತಿಗೆ ಬಾರದವರನ್ನು ಸೇರಿಸಿಕೊಂಡರೂ ಹೊರೆಯೆನ್ನುವಷ್ಟಾಗದು.

ದಂಡು ಪ್ರದೇಶದಿಂದ ಈಶಾನ್ಯಕ್ಕೆ, ಹೆಬ್ಬಾಳ ಥಣಿಸಂದ್ರಗಳ ಕಡೆಯ ದಾಸರಹಳ್ಳಿಯ ಸುತ್ತಿನಲ್ಲಿ ಅವರ ಜೋಪಡಿಗಳಿವೆ. ಜಾಗ ಖಾಸಗಿಯವರದು, ಅದಕ್ಕೆ ಬಾಡಿಗೆ ಸಲ್ಲಬೇಕು. ಬಿದಿರಿನ ಗಳ, ತಗಡು, ಹಳೆಯ ಜಾಹೀರಾತು ಫಲಕದ ಹಾಳೆ ಇವೇ ಗೋಡೆ ಮತ್ತು ಸೂರು. ಸುತ್ತಲೂ ಗೋಣಿಚೀಲಗಳ ರಾಶಿ. ನಗರದ ಮನೆಗಳು ಎಸೆದದ್ದನ್ನು ತಂದು ಗಾಜು ಬೇರೆ, ರದ್ದಿ ಬೇರೆ, ಪ್ಲಾಸ್ಟಿಕ್ಕು ಬೇರೆಯಾಗಿ ವಿಂಗಡಿಸಿ ಗುಜರಿ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಕೊಡುವುದೇ ಅವರ ಮುಖ್ಯ ಕಸುಬು. ಹೀಗೆ ವಿಂಗಡವಾದ ಸಾಮಗ್ರಿಯೇ ಜಾಲಿಮೊಹಲ್ಲಾ, ನಾಯಂಡಹಳ್ಳಿಗಳ ದೊಡ್ಡ ವ್ಯಾಪಾರಿಗಳ ಕೈಸೇರಿ ಮತ್ತೆ ಬಳಕೆಯ ವಸ್ತುವಾಗುತ್ತದೆ. ಮಂಡೂರಿನ ಕಸದ ಗುಡ್ಡದ ವಿರುದ್ಧ ಗ್ರಾಮಸ್ಥರು ಹೋರಾಡಿ 2014ರಲ್ಲಿ ಅದನ್ನು ನಿಲ್ಲಿಸಿದ ಇತಿಹಾಸವನ್ನು ಬಲ್ಲವರಿಗೆ, ಕಸವನ್ನು ಆಯುವ ಕೈಗಳ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕೈಗಳು ಒಂದು ವಾರ ನಿಂತರೆ ಇಂದಿರಾನಗರದ ಬೀದಿಗಳೂ ಮೂಗು ಮುಚ್ಚಿಕೊಳ್ಳಬೇಕಾಗುತ್ತದೆ.

ಶರಣರ ದೃಷ್ಟಿಯಲ್ಲಿ ಆಯುವ ಕೆಲಸವು ಕೀಳಲ್ಲ. ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸಿದ ಮಾರಯ್ಯನು ಆಯ್ದಕ್ಕಿ ಮಾರಯ್ಯನೆಂದೇ ಪ್ರಸಿದ್ಧನಾದನು. ಅವನು ಒಂದು ದಿನ ಹೆಚ್ಚಿಗೆ ತಂದಾಗ, ಬೇಕಾದುದಕ್ಕಿಂತ ಮಿಗಿಲಾದ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಮಡದಿ ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳೆಂಬ ಕಥೆಯನ್ನು ಮಠದ ಶಾಲೆಗಳ ಮಕ್ಕಳೆಲ್ಲರೂ ಬಲ್ಲರು. ಅಂಗಳ ಗುಡಿಸುವುದು ಸತ್ಯಕ್ಕನ ಕಾಯಕವಾಗಿತ್ತು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದನೆಂದು ಹೇಳಲಾಗುವ ಮಾರಯ್ಯನು ಕಲ್ಯಾಣದಲ್ಲಿ ಸೌದೆಯ ಮೋಳಿಗೆಯನ್ನು ಹೊತ್ತನು. ಹೊರನಾಡಿನಿಂದ ಬಂದವನು ಯಾರ ಮಗನೆಂದು ಕೇಳಬಾರದು, ಮನೆಯ ಮಗನೆಂದು ಭಾವಿಸಬೇಕು ಎಂಬ ಅರ್ಥದ ಬಸವಣ್ಣನವರ ವಚನವನ್ನು ಪ್ರಾರ್ಥನೆಯ ಹೊತ್ತಿನಲ್ಲಿ ಹಾಡಿಸುವ ಶಾಲೆಗೆ, ಚಿಂದಿ ಆಯುವವರ ಮಗುವು ಎಂದಿಗೂ ಅಪರಿಚಿತವಾಗಲಾರದು.

ಈ ಪ್ರಶ್ನೆಯ ಮರ್ಮವು ಮಕ್ಕಳಲ್ಲಿದೆ. ತಂದೆತಾಯಿಗಳಿಗೆ ಅರಾಕಾನಿನ ಗದ್ದೆಯ ನೆನಪಾದರೂ ಇದೆ. ಬೆಂಗಳೂರಿನ ಜೋಪಡಿಯಲ್ಲಿ ಹುಟ್ಟಿದ ಕೂಸಿಗೆ ಅದೂ ಇಲ್ಲ. ಮ್ಯಾನ್ಮಾರಿನ ಕಾನೂನು ಅದನ್ನು ತನ್ನದೆಂದು ಒಪ್ಪುವುದಿಲ್ಲ. 2004ರ ಡಿಸೆಂಬರಿನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ತಂದೆತಾಯಿಗಳಲ್ಲಿ ಒಬ್ಬರು ಭಾರತೀಯರಾಗಿದ್ದು ಮತ್ತೊಬ್ಬರು ಅಕ್ರಮ ವಲಸಿಗರಾಗಿರದಿದ್ದಲ್ಲಿ ಮಾತ್ರ ಇಲ್ಲಿ ಹುಟ್ಟಿದ ಮಗುವು ಭಾರತೀಯವೆನಿಸುತ್ತದೆ. ಹೀಗಾಗಿ ಜನನ ಪ್ರಮಾಣಪತ್ರದಲ್ಲಿ ಬೆಂಗಳೂರು ಎಂಬ ಊರಿನ ಹೆಸರಿದ್ದರೂ ಆ ಮಗುವಿಗೆ ದೇಶದ ಹೆಸರಿಲ್ಲ. ಅದು ಬೀದಿಯಲ್ಲಿ ಕನ್ನಡವನ್ನು ಕಲಿಯುತ್ತದೆ, ಗುಜರಿ ಅಂಗಡಿಯಲ್ಲಿ ದಖನಿಯನ್ನು ಕಲಿಯುತ್ತದೆ. ಯಾವ ನುಡಿಯಲ್ಲಿಯೂ ತನ್ನ ಹೆಸರನ್ನು ಬರೆಯಲು ಕಲಿಯದೆ ಹತ್ತು ವರ್ಷಕ್ಕೆ ಚೀಲವನ್ನು ಹೆಗಲಿಗೇರಿಸುತ್ತದೆ. ಹೆಣ್ಣುಮಗುವಾದರೆ ಚಿಕ್ಕ ತಮ್ಮಂದಿರನ್ನು ಎತ್ತಿಕೊಂಡೇ ಬಾಲ್ಯವು ಮುಗಿದು ಎಳವೆಯಲ್ಲಿಯೇ ಮದುವೆಯ ಮಾತು ಬರುತ್ತದೆ. ಮುಂದೊಂದು ದಿನ ಯಾವ ದೇಶವಾದರೂ ಅದನ್ನು ಸ್ವೀಕರಿಸಿದರೂ, ಓದುಬರಹವಿಲ್ಲದ ಮನುಷ್ಯನನ್ನಾಗಿಯೇ ಸ್ವೀಕರಿಸಬೇಕಾದೀತು.

ಇದಕ್ಕೆ ಪ್ರತಿಯಾಗಿ ಕೇಳಿಬರುವ ಮಾತುಗಳನ್ನು ತಳ್ಳಿಹಾಕಲಾಗದು. ಗಡಿಯನ್ನು ಅನುಮತಿಯಿಲ್ಲದೆ ದಾಟುವುದು ಅಪರಾಧ. ದೇಶದ ಭದ್ರತೆಯನ್ನು ನೋಡಿಕೊಳ್ಳುವುದು ಸರ್ಕಾರದ ಹೊಣೆ. ಸ್ವಂತ ನಾಡಿನ ಬಡವರಿಗೇ ಶಾಲೆಗಳು ಸಾಲವು ಎಂದು ವಿವೇಕಿಗಳೂ ಹೇಳುತ್ತಾರೆ. ನಿರಾಶ್ರಿತರ ಕುರಿತ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ. 2021ರ ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯವು, ಸಮಾನತೆಯ ಮತ್ತು ಜೀವದ ಹಕ್ಕುಗಳು ಪೌರರಲ್ಲದವರಿಗೂ ಉಂಟೆಂದು ಹೇಳಿದರೂ, ದೇಶದಲ್ಲಿ ನೆಲೆಸುವ ಹಕ್ಕು ಪೌರರಿಗೆ ಮಾತ್ರ ಸೇರಿದ್ದೆಂದು ಸ್ಪಷ್ಟಪಡಿಸಿತು. ಯಾರು ಇರಬೇಕು, ಯಾರು ಹೋಗಬೇಕು ಎಂಬುದನ್ನು ತೀರ್ಮಾನಿಸುವ ಅಧಿಕಾರವು ಸರ್ಕಾರಕ್ಕೂ ನ್ಯಾಯಾಲಯಗಳಿಗೂ ಸೇರಿದ್ದು. ಮಠವಾಗಲಿ ಶಾಲೆಯಾಗಲಿ ಆ ಅಧಿಕಾರವನ್ನು ಬಯಸಬೇಕಾಗಿಲ್ಲ.

ಆದರೆ ಗಡಿಯ ಧರ್ಮ ಬೇರೆ, ಹೊಸ್ತಿಲಿನ ಧರ್ಮ ಬೇರೆ. ಗಡಿಯಲ್ಲಿ ನಿಂತವನು ಕಾಗದವನ್ನು ಕೇಳಬೇಕು. ಕೇಳದಿದ್ದರೆ ಅವನು ಕರ್ತವ್ಯಭ್ರಷ್ಟನಾಗುತ್ತಾನೆ. ಹೊಸ್ತಿಲಿನಲ್ಲಿ ನಿಂತವನು ಹಸಿವೆಯೇ ಎಂದು ಕೇಳಬೇಕು. ಶಾಲೆಯು ಹೊಸ್ತಿಲೇ ಹೊರತು ಗಡಿಯಲ್ಲ. ಭಾರತದ ಸಂವಿಧಾನವೂ ಈ ಅಂತರವನ್ನು ಬಲ್ಲದು. ವಾಕ್ ಸ್ವಾತಂತ್ರ್ಯ, ನೆಲೆಸುವ ಸ್ವಾತಂತ್ರ್ಯ ಮೊದಲಾದವನ್ನು ಹೇಳುವ 19ನೆಯ ಅನುಚ್ಛೇದವು ಪೌರರೆಂಬ ಶಬ್ದವನ್ನು ಬಳಸುತ್ತದೆ. 2002ರ ತಿದ್ದುಪಡಿಯಿಂದ ಸೇರಿದ 21ಎ ಅನುಚ್ಛೇದವಾದರೋ ಆರರಿಂದ ಹದಿನಾಲ್ಕು ವರ್ಷಗಳ ಎಲ್ಲ ಮಕ್ಕಳು ಎಂದು ಹೇಳಿ ಅಲ್ಲಿಗೆ ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶವನ್ನು ನಿರಾಕರಿಸಬಾರದೆನ್ನುತ್ತದೆ. ಆಧಾರ್ ಇಲ್ಲದಿರುವುದು ಶಾಲೆಯ ಪ್ರವೇಶಕ್ಕೆ ಅಡ್ಡಿಯಾಗಬಾರದೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ದೆಹಲಿಯ ರೋಹಿಂಗ್ಯಾ ಮಕ್ಕಳ ವಿಷಯವು 2025ರ ಫೆಬ್ರವರಿಯಲ್ಲಿ ಅದರ ಮುಂದೆ ಬಂದಾಗ, ಶಿಕ್ಷಣದಲ್ಲಿ ಯಾವ ಮಗುವಿಗೂ ಭೇದವೆಣಿಸಲಾಗದೆಂದು ಹೇಳಿ, ಮಕ್ಕಳು ನೇರವಾಗಿ ಸರ್ಕಾರಿ ಶಾಲೆಗಳಿಗೆ ಹೋಗಲೆಂದು ಸೂಚಿಸಿತು. ಕಾನೂನು ತೆರೆದಿಟ್ಟ ಬಾಗಿಲನ್ನು ಶಾಲೆಯ ಕಚೇರಿಯು ಮುಚ್ಚುವುದು ಯಾವ ನ್ಯಾಯ?

ಹೊಸ್ತಿಲಿನಲ್ಲಿ ಗಡಿಯ ಪ್ರಶ್ನೆಯನ್ನು ಕೇಳಿದರೆ ಏನಾಗುತ್ತದೆಂಬುದಕ್ಕೆ ಬೆಂಗಳೂರಿನ ಪೂರ್ವಭಾಗದಲ್ಲಿಯೇ ನಿದರ್ಶನವಿದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ, ಬಾಂಗ್ಲಾದೇಶಿಗಳು ಅಕ್ರಮವಾಗಿ ನೆಲೆಸಿದ್ದಾರೆಂಬ ಕೂಗಿನ ಹಿನ್ನೆಲೆಯಲ್ಲಿ ಜೋಪಡಿಗಳನ್ನು ಯಂತ್ರಗಳಿಂದ ನೆಲಸಮ ಮಾಡಲಾಯಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಮು, ತ್ರಿಪುರಗಳ ಭಾರತೀಯರಿದ್ದರು. ಮಳೆಯಿಲ್ಲದ ಹೊಲಗಳನ್ನು ಬಿಟ್ಟು ಕೂಲಿಗೆ ಬಂದ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಕೈಯಲ್ಲಿ ಗುರುತಿನ ಚೀಟಿಯನ್ನು ಹಿಡಿದುಕೊಂಡೇ ಅವರು ಸೂರು ಕಳೆದುಕೊಂಡರು. ಈ ತೆರವು ಕಾರ್ಯಕ್ಕೆ ಕಾನೂನಿನ ಆಧಾರವಿಲ್ಲವೆಂದು ಕರ್ನಾಟಕ ಉಚ್ಚ ನ್ಯಾಯಾಲಯವು ಆಕ್ಷೇಪಿಸಿತು. ಬಡತನದ ಮುಖವು ಎಲ್ಲೆಡೆಯೂ ಒಂದೇ ಆಗಿರುವುದರಿಂದ, ಪರದೇಶಿಯನ್ನು ಹುಡುಕುತ್ತ ಹೊರಟ ಸಂಶಯವು ಕೊನೆಗೆ ಕಲಬುರಗಿ ರಾಯಚೂರುಗಳಂಥ ಸೀಮೆಯ ಸ್ವಂತ ಮಕ್ಕಳ ಬಾಗಿಲಿಗೇ ಬಂದು ನಿಲ್ಲಬಹುದು. ಹೊರಗಿನವರ ಮಗುವಿಗೆ ಕೊಟ್ಟ ರಕ್ಷಣೆಯು ಒಳಗಿನವರ ಮಗುವಿಗೂ ರಕ್ಷಣೆಯೇ.

ಕನ್ನಡ ನಾಡಿಗೆ ನಿರಾಶ್ರಿತರು ಹೊಸಬರಲ್ಲ. ಟಿಬೆಟ್ಟನ್ನು ಕಳೆದುಕೊಂಡವರಿಗೆ 1960ರಲ್ಲಿ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯಲ್ಲಿ ಸುಮಾರು ಮೂರು ಸಾವಿರ ಎಕರೆ ನೆಲವನ್ನು ಒದಗಿಸಿತು. ಕಾಡು ಕಡಿದು ಮುಸುಕಿನ ಜೋಳವನ್ನು ಬೆಳೆದ ಆ ಜನರು, ಚಳಿಗಾಲದಲ್ಲಿ ಕನ್ನಡದ ಊರೂರಿನ ಬೀದಿಗಳಲ್ಲಿ ಉಣ್ಣೆಯ ಅಂಗಿಗಳನ್ನು ಮಾರುತ್ತ ನಾಡಿನವರಿಗೆ ಪರಿಚಿತರಾದರು. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಗಳಾಗಿದ್ದ ಕಾಲದಲ್ಲಿ, 1966ರಲ್ಲಿ, ಮುಂಡಗೋಡಿನಲ್ಲಿಯೂ ಅವರಿಗೆ ನೆಲೆ ದೊರೆಯಿತು. 1964ರ ಸಿರಿಮಾವೊ ಶಾಸ್ತ್ರಿ ಒಪ್ಪಂದದ ಮೇರೆಗೆ ಸಿಂಹಳದಿಂದ ಹಿಂದಿರುಗಿದ ತಮಿಳು ಕುಟುಂಬಗಳಿಗೆ ಸುಳ್ಯ ಪುತ್ತೂರುಗಳ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಅವರೆಲ್ಲ ಸರ್ಕಾರದ ಆಹ್ವಾನದ ಮೇಲೆ ಬಂದವರು, ರೋಹಿಂಗ್ಯಾ ಜನರು ಹಾಗಲ್ಲ ಎಂಬ ವ್ಯತ್ಯಾಸವು ನಿಜ. ನೆಲವನ್ನು ಕೊಡುವ ವಿಷಯದಲ್ಲಿ ಆ ವ್ಯತ್ಯಾಸಕ್ಕೆ ಬೆಲೆಯುಂಟು; ಅಕ್ಷರವನ್ನು ಕೊಡುವ ವಿಷಯದಲ್ಲಿ ಇಲ್ಲ. ಆಹ್ವಾನವನ್ನು ಪಡೆದು ಹುಟ್ಟುವ ಮಗುವು ಎಲ್ಲಿಯೂ ಇಲ್ಲ.

ಎರಡು ಕಟ್ಟಡಗಳ ಚಿತ್ರವನ್ನು ಇಲ್ಲಿ ಅಕ್ಕಪಕ್ಕದಲ್ಲಿ ಇಟ್ಟು ನೋಡುವುದು ಉಚಿತ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯು ಬಡ ವಿದ್ಯಾರ್ಥಿಗಳಿಗೆಂದು ಕಟ್ಟಿಸಿದ್ದ ನಿಲಯವು 2019ರಲ್ಲಿ ಅಕ್ರಮ ವಿದೇಶೀಯರನ್ನು ಇರಿಸುವ ಬಂಧನ ಕೇಂದ್ರವಾಗಿ ಮಾರ್ಪಟ್ಟಿತು. ಆಡಳಿತಕ್ಕೆ ಅದರ ಅಗತ್ಯ ಇದ್ದೀತು. ಅದೇ ಹೆದ್ದಾರಿಯಲ್ಲಿ ಮುಂದೆ ಹೋದರೆ ತುಮಕೂರಿನ ಸಿದ್ಧಗಂಗೆ. 1941ರಿಂದ ಆ ಮಠದ ಹೊಣೆಯನ್ನು ಹೊತ್ತು 2019ರ ಜನವರಿಯಲ್ಲಿ ಲಿಂಗೈಕ್ಯರಾದ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವನ್ನು ಸಾವಿರಾರು ಮಕ್ಕಳಿಗೆ ನಡೆಸಿದರು. ಅಲ್ಲಿಯ ಪಂಕ್ತಿಯಲ್ಲಿ ಜಾತಿಯ ಪ್ರಶ್ನೆಯಿಲ್ಲ, ಮತದ ಪ್ರಶ್ನೆಯಿಲ್ಲ; ಮುಸಲ್ಮಾನ ಮಕ್ಕಳೂ ಅಲ್ಲಿ ಉಂಡು ಓದಿದ್ದಾರೆ. ಕರ್ನಾಟಕ ಸರ್ಕಾರವು 2002ರಲ್ಲಿ ಶಾಲೆಗಳ ಮಧ್ಯಾಹ್ನದ ಊಟವನ್ನು ಆರಂಭಿಸಿದಾಗ ಅದಕ್ಕೆ ಅಕ್ಷರ ದಾಸೋಹವೆಂದು ಹೆಸರಿಟ್ಟಿತು. ಮಠಗಳ ಶಬ್ದವನ್ನು ಸರ್ಕಾರವು ಎರವಲು ಪಡೆದ ಮೇಲೆ, ಆ ಶಬ್ದದ ಅರ್ಥವು ಕಿರಿದಾಗದಂತೆ ಕಾಯುವ ಕೆಲಸ ಮಠದ ಶಾಲೆಗಳದು.

ಇದಕ್ಕಾಗಿ ದೊಡ್ಡ ಯೋಜನೆಗಳು ಬೇಕಾಗಿಲ್ಲ. ನಗರದ ಅಂಚಿನಲ್ಲಿ ಶಾಲೆಗಳನ್ನು ನಡೆಸುವ ಸಂಸ್ಥೆಗಳು ಮೊದಲು ಪ್ರವೇಶದ ಕಿಟಕಿಯಲ್ಲಿ ಕುಳಿತ ಗುಮಾಸ್ತರಿಗೆ ಒಂದು ಸೂಚನೆಯನ್ನು ಕೊಟ್ಟರೆ ಸಾಕು: ದಾಖಲೆಯಿಲ್ಲದ ಮಗುವನ್ನು ಹಿಂದಕ್ಕೆ ಕಳುಹಿಸದೆ, ತಂದೆತಾಯಿಗಳ ಘೋಷಣೆಯನ್ನು ಬರೆಯಿಸಿಕೊಳ್ಳಬೇಕು. ವಯಸ್ಸು ಮೀರಿದ ಮಗುವಿಗೆ ತಕ್ಕ ತರಗತಿಯಲ್ಲಿ ಸ್ಥಾನವನ್ನು ಕೊಟ್ಟು ವಿಶೇಷ ಬೋಧನೆಯನ್ನು ನಡೆಸಲು ಶಿಕ್ಷಣ ಹಕ್ಕು ಕಾಯಿದೆಯಲ್ಲಿಯೇ ಅವಕಾಶವಿದೆ. ನಿವೃತ್ತ ಶಿಕ್ಷಕರು ಸಂಜೆ ಒಂದು ಗಂಟೆಯನ್ನು ಇತ್ತರೆ ಆರು ತಿಂಗಳಲ್ಲಿ ಕನ್ನಡದ ಕಾಗುಣಿತವು ಕೈವಶವಾಗುತ್ತದೆ. ಜೋಪಡಿಗಳನ್ನು ಕಿತ್ತಾಗ ಕುಟುಂಬವು ಬೇರೊಂದು ಕಡೆಗೆ ಹೋಗುತ್ತದೆ, ಓದು ಅಲ್ಲಿಗೆ ನಿಲ್ಲುತ್ತದೆ; ಆದುದರಿಂದ ವರ್ಗಾವಣೆ ಪತ್ರವನ್ನು ತಡಮಾಡದೆ ಕೊಟ್ಟು ಮುಂದಿನ ಶಾಲೆಯ ಮುಖ್ಯೋಪಾಧ್ಯಾಯರಿಗೆ ಒಂದು ಮಾತು ತಿಳಿಸುವುದು ಅತ್ಯವಶ್ಯ. ಹೆಣ್ಣುಮಕ್ಕಳು ಬರಬೇಕಾದರೆ ಅವರ ಕಂಕುಳಲ್ಲಿರುವ ಕೂಸಿಗೂ ಶಿಶುವಿಹಾರದಲ್ಲಿ ಜಾಗವಿರಬೇಕು.

ದಾನಿಗಳ ಪಾತ್ರವೂ ಇಲ್ಲಿದೆ. ಕಟ್ಟಡಕ್ಕೆ ಕೊಟ್ಟ ದಾನವು ಶಿಲಾಫಲಕದಲ್ಲಿ ಕಾಣಿಸುತ್ತದೆ. ಒಂದು ಮಗುವಿನ ಬಸ್ಸಿನ ದುಡ್ಡು, ಸಮವಸ್ತ್ರ, ಪಾಟೀಚೀಲಗಳಿಗೆ ಕೊಟ್ಟದ್ದು ಎಲ್ಲಿಯೂ ಕಾಣಿಸುವುದಿಲ್ಲ. ಆದರೂ ಪ್ರಸಾದನಿಲಯದ ಹತ್ತು ಸ್ಥಾನಗಳನ್ನು ನೆಲೆಯಿಲ್ಲದವರ ಮಕ್ಕಳಿಗೆಂದು ಕಾದಿರಿಸುವ ದಾನಿಯು ಶರಣರ ಮಾರ್ಗಕ್ಕೆ ಹೆಚ್ಚು ಹತ್ತಿರದವನು. ಬೇರೆ ಮತದ ಮಕ್ಕಳು ಬಂದರೆ ತೊಡಕಾದೀತೆಂಬ ಅಂಜಿಕೆಗೆ ಕಾರಣವಿಲ್ಲ. ಮಠದ ಪ್ರಸಾದವು ಸಸ್ಯಾಹಾರವಾದುದರಿಂದ ಅದನ್ನು ಉಣ್ಣಲು ಯಾವ ಮತದ ಮಗುವಿಗೂ ನಿಷೇಧವಿಲ್ಲ. ಪ್ರಾರ್ಥನೆಯನ್ನು ಯಾರ ಮೇಲೂ ಹೇರದಿದ್ದರೆ ತಂದೆತಾಯಿಗಳ ವಿಶ್ವಾಸಕ್ಕೂ ಭಂಗವಿಲ್ಲ. ನಾಡಿನ ಬಡಮಕ್ಕಳ ಪಾಲು ಕಡಿಮೆಯಾದೀತೆಂಬ ಶಂಕೆಗೆ ಲಕ್ಕಮ್ಮನೇ ಉತ್ತರವನ್ನು ಕೊಟ್ಟಿದ್ದಾಳೆ. ಅಗತ್ಯಕ್ಕಿಂತ ಹೆಚ್ಚಿಗೆ ಕೂಡಿಡದ ಮನೆಯಲ್ಲಿ ಅತಿಥಿಗೆ ಅಕ್ಕಿ ಸಾಲದೆ ಹೋಗುವುದಿಲ್ಲ.

ನಾಳೆ ನ್ಯಾಯಾಲಯವು ಏನನ್ನು ತೀರ್ಮಾನಿಸುವುದೋ, ಯಾವ ಸರ್ಕಾರವು ಯಾವ ನೀತಿಯನ್ನು ತರುವುದೋ ಹೇಳುವಂತಿಲ್ಲ. ಈ ಕುಟುಂಬಗಳು ಇಲ್ಲಿಯೇ ಉಳಿಯಬಹುದು. ಬೇರೆ ದೇಶಕ್ಕೆ ಹೋಗಬಹುದು. ದೇವರ ಕೃಪೆಯಿಂದ ಅರಾಕಾನಿನ ತಮ್ಮ ಗದ್ದೆಗಳಿಗೆ ಗೌರವದಿಂದ ಹಿಂದಿರುಗಲೂಬಹುದು. ಎಲ್ಲಿಗೆ ಹೋದರೂ ಅವರು ಹೊತ್ತೊಯ್ಯಬಹುದಾದ, ಯಾವ ಗಡಿಯ ಕಾವಲುಗಾರನೂ ಕಸಿದುಕೊಳ್ಳಲಾಗದ ಸಂಪತ್ತೆಂದರೆ ಕಲಿತ ಅಕ್ಷರ. ಉಳವಿಯ ಹಾದಿಯಲ್ಲಿ ನಡೆದವರೂ ಅದನ್ನೇ ಹೊತ್ತು ನಡೆದಿದ್ದರು. ಅಂದು ಅವರಿಗೆ ಬಾಗಿಲು ತೆರೆದ ಹೆಸರಿಲ್ಲದ ಮನೆಗಳ ಸಾಲಿನಲ್ಲಿ ಮಠದ ಶಾಲೆಯೂ ಒಂದಾಗಿ ನಿಲ್ಲಲಿ. ಆ ಹಳೆಯ ಋಣವು ತೀರುವುದಕ್ಕೆ ಬೇರೆ ಮಾರ್ಗವಿಲ್ಲ.